ಬಹುಕೋರ್ ಮೀಮಾಂಸೆ

ಸೂತ್ರ, ವೃತ್ತಿ, ಪ್ರಯೋಗ ಎಂಬ ಕ್ರಮದಲ್ಲಿ ಶಾಸ್ತ್ರ ಹೇಳುವ ದಾರಿಯನ್ನು ಕೇಶಿರಾಜ ಹದಿಮೂರನೆಯ ಶತಮಾನದಲ್ಲೇ ಕನ್ನಡಕ್ಕೆ ಹಾಕಿಕೊಟ್ಟ. ಅವನು ವ್ಯಾಕರಣಕ್ಕೆ ಮಾಡಿದ ಉಪಕಾರವನ್ನು ಕಂಪ್ಯೂಟರಿಗೆ ಯಾರೂ ಮಾಡಿಲ್ಲವಾದ್ದರಿಂದ ಈ ಕಿರುಶಾಸ್ತ್ರ. ವಿಷಯ: ಏಕಕಾಲಕ್ಕೆ ಹಲವು ಕೆಲಸ. ಪ್ರಯೋಜನ: ಎಂಟು ಕೋರಿನ ಲ್ಯಾಪ್‌ಟಾಪ್ ಕೊಂಡವರಿಗೆ ಸಮಾಧಾನ. ಸಂಬಂಧ: ಲ್ಯಾಪ್‌ಟಾಪಿಗೂ ಅದರ ಇಎಂಐಗೂ ಇರುವಂಥದು, ಅಂದರೆ ಬಿಡಿಸಲಾಗದ್ದು. ಅಧಿಕಾರಿ: ಏನನ್ನೋ ಹುಡುಕಲು ಕುಳಿತು, ಏನನ್ನು ಹುಡುಕಲು ಕುಳಿತೆ ಎಂದು ಹುಡುಕುತ್ತಿರುವವರು.

ಸೂತ್ರ 1: ಬಿಸುಪಿಂ ಪುಟ್ಟಿತು ಬಹುತ್ವಂ.

ವೃತ್ತಿ: ಕೋರ್‌ಗಳು (ಅಂದರೆ ಚಿಪ್ಪಿನೊಳಗೆ ಲೆಕ್ಕ ಮಾಡುವ ಆಳುಗಳು) ಹಲವಾದದ್ದು ಕಂಪನಿಗಳ ಔದಾರ್ಯದಿಂದಲ್ಲ, ಶಾಖದಿಂದ. 1971ರ ಇಂಟೆಲ್ 4004 ಚಿಪ್ಪಿನಲ್ಲಿ ಸುಮಾರು 2,300 ಟ್ರಾನ್ಸಿಸ್ಟರ್‌ಗಳಿದ್ದವು. ಚಿಪ್ಪಿನ ಮೇಲಿನ ಟ್ರಾನ್ಸಿಸ್ಟರ್‌ಗಳು ಎರಡು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತವೆಂದು ಗಾರ್ಡನ್ ಮೂರ್ 1975ರಲ್ಲಿ ನುಡಿದದ್ದು ದಶಕಗಳ ಕಾಲ ಫಲಿಸಿತು; ಜತೆಗೆ ಗಡಿಯಾರದ ವೇಗವೂ ಏರುತ್ತ ಹೋಯಿತು. ಪೆಂಟಿಯಂ 4 ಚಿಪ್ಪು 3.8 ಗಿಗಾಹರ್ಟ್ಸ್ ಮುಟ್ಟುವಷ್ಟರಲ್ಲಿ ನೂರು ವ್ಯಾಟ್ ದಾಟಿ ಕಾಯುತ್ತಿತ್ತು. ಅದರ ಉತ್ತರಾಧಿಕಾರಿಯಾಗಬೇಕಿದ್ದ ಚಿಪ್ಪಿಗೆ ತೇಜಸ್ ಎಂದು ಹೆಸರಿಟ್ಟಿದ್ದರು. 2004ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟರು. ಒಬ್ಬನನ್ನು ಇನ್ನಷ್ಟು ಓಡಿಸಲಾಗದೆ ಇಬ್ಬರನ್ನು ನಡೆಸಲು ನಿಶ್ಚಯಿಸಿದ್ದರ ಫಲವಾಗಿ, 2005ರ ಮೇ ತಿಂಗಳಲ್ಲಿ ಪೆಂಟಿಯಂ ಡಿ, ಅಥ್ಲಾನ್ 64 ಎಕ್ಸ್2 ಎಂಬ ಎರಡು ಕೋರಿನ ಚಿಪ್ಪುಗಳು ಮೇಜಿಗಿಳಿದವು. ದೊಡ್ಡ ಯಂತ್ರಗಳಿಗೆ ಐಬಿಎಂ ಈ ಭಾಗ್ಯವನ್ನು ಪವರ್4 ಮೂಲಕ 2001ರಲ್ಲೇ ಕರುಣಿಸಿತ್ತು.

ಸೂತ್ರ 2: ಒರ್ವನೆ ಪಲಬರಂತೆ ತೋರ್ಪಂ.

ವೃತ್ತಿ: ಹಾಗಾದರೆ ಒಂದೇ ಕೋರಿನ ಕಾಲದಲ್ಲಿ ಹಾಡು ಕೇಳುತ್ತ ಪತ್ರ ಟೈಪ್ ಮಾಡುತ್ತಿದ್ದವರ ಗತಿಯೇನು? ಅದು ತೋರಿಕೆ ಮಾತ್ರ. ಪ್ರೊಸೆಸರ್ ಹಾಡಿಗೆ ಒಂದು ಕ್ಷಣಾಂಶ, ಪತ್ರಕ್ಕೆ ಒಂದು ಕ್ಷಣಾಂಶ ಕೊಟ್ಟು, ಬಿಟ್ಟ ಜಾಗವನ್ನು ನೆನಪಿಟ್ಟುಕೊಂಡು ಸುತ್ತುತ್ತಿರುತ್ತದೆ. ಹೀಗೆ ಕಾಲ ಹಂಚುವ ವ್ಯವಸ್ಥೆಯನ್ನು ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ 1961ರಲ್ಲಿ ತೋರಿಸಿತು.

ಪ್ರಯೋಗ: ನಮ್ಮ ಅಷ್ಟಾವಧಾನವೇ ಇದಕ್ಕೆ ಸಾಕ್ಷಿ. ಅವಧಾನಿ ನಿಷೇಧಾಕ್ಷರಿಗೆ ಒಂದು ಪಾದ, ಸಮಸ್ಯೆಗೆ ಒಂದು ಪಾದ, ದತ್ತಪದಿಗೆ ಒಂದು ಪಾದ ಹೇಳಿ ಮುಂದಿನ ಸುತ್ತಿಗೆ ಹೋಗುತ್ತಾರೆ. ನಾಲ್ಕನೆಯ ಸುತ್ತಿಗೆ ಪದ್ಯಗಳು ತುಂಬುತ್ತವೆ. ಕೊನೆಗೆ ಧಾರಣೆಯಿಂದ ಎಲ್ಲವನ್ನೂ ಒಪ್ಪಿಸುತ್ತಾರೆ. ನಡುನಡುವೆ ಹೊತ್ತುಗೊತ್ತಿಲ್ಲದೆ ಬಾಯಿ ಹಾಕುವ ಅಪ್ರಸ್ತುತ ಪ್ರಸಂಗಿಯನ್ನು ಕಂಪ್ಯೂಟರ್ ಶಾಸ್ತ್ರದವರು ಇಂಟರಪ್ಟ್ ಎನ್ನುತ್ತಾರೆ. 2012ರಲ್ಲಿ ಶತಾವಧಾನಿ ಆರ್. ಗಣೇಶ್ ಅವರು ಬೆಂಗಳೂರಿನಲ್ಲಿ ಸಂಪೂರ್ಣ ಕನ್ನಡದಲ್ಲೇ ಶತಾವಧಾನ ನಡೆಸಿ, ನೂರು ಪೃಚ್ಛಕರಿಗೆ ಒಂದು ತಲೆ ಸಾಕೆಂದು ಸಾಧಿಸಿದರು. ಫ್ಯಾನ್ ಕೂಗಿದ ದಾಖಲೆಯಿಲ್ಲ.

ಸೂತ್ರ 3: ಬಳಸುವರ್ ತ್ರಿವಿಧರ್.

ವೃತ್ತಿ: ಮೊದಲನೆಯವರು ರಿಫ್ರೆಶ್‌ನಿಷ್ಠರು. ವಿಂಡೋಸ್ ತೆರೆದೊಡನೆ ಮೌಸಿನ ಬಲಗುಂಡಿ ಒತ್ತಿ, ಆಚಮನದಂತೆ ಮೂರು ಸಲ ರಿಫ್ರೆಶ್ ಮಾಡದೆ ಇವರು ಯಾವ ಕಾರ್ಯವನ್ನೂ ಆರಂಭಿಸರು. ಇದರಿಂದ ಪರದೆಯ ಐಕಾನ್‌ಗಳು ಮತ್ತೊಮ್ಮೆ ಮೂಡುತ್ತವೆ, ಅಷ್ಟೇ. ಮೆಮೊರಿ ಖಾಲಿಯಾಗದು, ಪ್ರೊಸೆಸರ್ ಚುರುಕಾಗದು. ಆದರೆ ನಿತ್ಯಕರ್ಮಕ್ಕೆ ಫಲಾಪೇಕ್ಷೆ ಇರಕೂಡದಾದ್ದರಿಂದ ದೋಷವಿಲ್ಲ.

ಎರಡನೆಯವರು ಟ್ಯಾಬ್‌ಸಂಗ್ರಾಹಕರು. 2008ರಲ್ಲಿ ಬಂದ ಕ್ರೋಮ್ ಬ್ರೌಸರ್ ಟ್ಯಾಬ್‌ಗಳನ್ನು ಬೇರೆ ಬೇರೆ ಪ್ರೊಸೆಸ್‌ಗಳಲ್ಲಿ ನಡೆಸತೊಡಗಿತು. ಒಂದು ಕೆಟ್ಟರೆ ಉಳಿದವು ಉಳಿದವು. ಹೊರೆಯನ್ನು ಕೋರ್‌ಗಳು ಹಂಚಿಕೊಂಡವು. ಅಂದಿನಿಂದ ರೈಲಿನ ವೇಳೆ, ಪಹಣಿ, ಚಕ್ಕುಲಿಯ ಹದ, ಮಂಡಿನೋವಿನ ಮದ್ದು, ಮುಂದಿನ ವರ್ಷ ಓದಬೇಕಾದ ಲೇಖನ ಎಲ್ಲವೂ ಒಂದೇ ಸಾಲಿನಲ್ಲಿ ಅಕ್ಷಯವಾಗಿವೆ. ಯಂತ್ರ ನಿಧಾನವಾದಾಗ ಇವರು ಕೋರ್ ಸಾಲದೆಂದು ಕೊರಗುತ್ತಾರೆ. ಸಾಲದಿರುವುದು ಸಾಮಾನ್ಯವಾಗಿ ರ್‍ಯಾಮ್.

ಮೂರನೆಯವರು ಆಲ್ಟ್‌ಟ್ಯಾಬ್ ಸಿದ್ಧರು. ಕ್ರಿಕೆಟ್ ಸ್ಕೋರಿನಿಂದ ಎಕ್ಸೆಲ್ ಶೀಟಿಗೆ ಇವರು ಜಿಗಿಯುವ ವೇಗ ಕೋರ್‌ಗಳ ಸಂಖ್ಯೆಯನ್ನಲ್ಲ, ಸಾಹೇಬರ ಬೂಟಿನ ಸದ್ದನ್ನು ಅವಲಂಬಿಸಿದೆ.

ಪ್ರಯೋಗ: ಈ ಮೂವರನ್ನೂ ಮೀರಿದವರು ತಾಲ್ಲೂಕು ಕಚೇರಿಯ ಎದುರಿನ ಡಿಟಿಪಿ ಅಂಗಡಿಯವರು. ಒಂದು ಕಿಟಕಿಯಲ್ಲಿ ಅಫಿಡವಿಟ್ಟು, ಇನ್ನೊಂದರಲ್ಲಿ ಮದುವೆಯ ಕರೆಯೋಲೆ, ಹಿಂದೆ ಹಳೇ ಚಿತ್ರಗೀತೆ, ಮುಂದೆ ಮೂರು ಜನ. “ಅಣ್ಣಾ, ನಂದೊಂದು ಜೆರಾಕ್ಸು” ಎಂದರೆ “ಕೂತ್ಕೊಳ್ಳಿ, ಆಗೋಯ್ತು” ಎಂಬ ಉತ್ತರ. ಅವರ ಎಂಟು ಕೋರಿನ ಹೊಸ ಯಂತ್ರದಲ್ಲಿ ಓಡುತ್ತಿರುವುದು ನುಡಿ ಫಾಂಟಿನ ಜತೆ ಪೇಜ್‌ಮೇಕರ್; ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ, ಮೇಜಿನ ಮೇಲೆ ಎರಡನೆಯ ಕೋರ್ ಹುಟ್ಟುವ ಮೊದಲು. ಅಂಗಡಿಯಲ್ಲಿ ನಿಜವಾದ ಬಹುಕೋರ್ ಕುರ್ಚಿಯ ಮೇಲಿದೆ.

ಸೂತ್ರ 4: ಪಿಡಿದುದಂ ಬಿಡದಿರೆ ತೊಡಕು.

ವೃತ್ತಿ: ಹಲವರು ಕೂಡಿ ದುಡಿದರೆ ಹೊಸ ಕಷ್ಟವೊಂದು ಹುಟ್ಟುತ್ತದೆ. ಡೈಕ್‌ಸ್ಟ್ರಾ ಎಂಬ ಡಚ್ ವಿದ್ವಾಂಸರು 1965ರ ಸುಮಾರಿಗೆ ಕೊಟ್ಟ ಲೆಕ್ಕ ಪ್ರಸಿದ್ಧ. ಅದು ದುಂಡುಮೇಜಿನ ಸುತ್ತ ಐವರು ತತ್ತ್ವಜ್ಞಾನಿಗಳ ಕಥೆಯಾಗಿ ಉಳಿದಿದೆ. ಇಬ್ಬಿಬ್ಬರ ನಡುವೆ ಒಂದೊಂದು ಫೋರ್ಕು, ಉಣ್ಣಲು ಎರಡು ಬೇಕು. ಎಲ್ಲರೂ ಎಡಗಡೆಯದನ್ನು ಹಿಡಿದು ಬಲಗಡೆಯದಕ್ಕೆ ಕಾದರೆ ಐವರೂ ಉಪವಾಸ. ಕೈಯಲ್ಲಿ ಉಣ್ಣುವ ನಾಡಿನಲ್ಲಿ ಈ ಪ್ರಶ್ನೆಯೇ ಏಳದೆಂಬುದು ಪೂರ್ವಪಕ್ಷ. ಅದು ಸಲ್ಲದು. ಈ ಟೇಬಲ್ಲಿನವರು “ಅವರ ಸಹಿ ಆಗಲಿ” ಎನ್ನುತ್ತ, ಆ ಟೇಬಲ್ಲಿನವರು “ಇವರ ಸೀಲು ಬೀಳಲಿ” ಎನ್ನುತ್ತ ಫೈಲು ನಡುವೆ ಮಲಗಿರುವ ಕಚೇರಿಯನ್ನು ಕಂಡವರಿಗೆ ಡೆಡ್‌ಲಾಕ್ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಚೇರಿಗೂ ಪ್ರೊಸೆಸರಿಗೂ ಇರುವ ಭೇದವಿಷ್ಟೇ: ಪ್ರೊಸೆಸರನ್ನು ಆರಿಸಿ ಹಚ್ಚಬಹುದು.

ಸೂತ್ರ 5: ಪಾಲಾಗದುದಂ ಪಾಲಿಡಲಾಗದು.

ವೃತ್ತಿ: ಕೋರ್ ಎಂಟಾದರೆ ಕೆಲಸ ಎಂಟು ಪಟ್ಟು ಬೇಗ ಎಂಬುದು ಕಂಪ್ಯೂಟರ್ ಮಾರುವವರ ಮತ. 1967ರಲ್ಲೇ ಜೀನ್ ಆಮ್ಡಾಲ್ ಇದನ್ನು ಖಂಡಿಸಿದ್ದಾರೆ. ಕೆಲಸದ ಹತ್ತರಲ್ಲೊಂದು ಪಾಲನ್ನು ಒಂದಾದ ಮೇಲೊಂದರಂತೆಯೇ ಮಾಡಬೇಕಿದ್ದರೆ, ನಾಲ್ಕು ಕೋರಿಗೆ ಸಿಗುವ ವೇಗ ಸುಮಾರು ಮೂರು ಪಟ್ಟು. ಎಂಟಕ್ಕೆ ಐದೂ ಪೂರ್ತಿಯಾಗದು. ಕೋಟಿ ಕೋರ್ ಸುರಿದರೂ ಹತ್ತನ್ನು ದಾಟದು. ವಿಡಿಯೊ ಪರಿವರ್ತನೆ, ಮೂರು ಆಯಾಮದ ಚಿತ್ರ, ದೊಡ್ಡ ತಂತ್ರಾಂಶದ ಕಂಪೈಲ್ ಮುಂತಾದವನ್ನು ತುಂಡು ಮಾಡಿ ಹಂಚಬಹುದು. ಅಲ್ಲಿ ಬಹುಕೋರಿನ ಮಹಿಮೆ ಪ್ರತ್ಯಕ್ಷ. ಹಿನ್ನೆಲೆಯಲ್ಲಿ ವೈರಸ್ ತಪಾಸಣೆ ನಡೆಯುತ್ತಿದ್ದರೂ ಮುಂದಿನ ಪತ್ರ ತಡವರಿಸದಿರುವುದೂ ಅದರ ಪುಣ್ಯವೇ.

ಪ್ರಯೋಗ: ರಜೆಯ ಅರ್ಜಿಯನ್ನೇ ನೋಡಿ. ನೂರರಲ್ಲಿ ತೊಂಬತ್ತೊಂಬತ್ತು ಪಾಲು ಹೊತ್ತು ನಂಬುವಂಥ ಕಾರಣ ಹುಡುಕುವುದರಲ್ಲೇ ಕಳೆಯುತ್ತದೆಂದು ಇಟ್ಟುಕೊಳ್ಳೋಣ. ಎಂಟು ಸಾವಿರ ಕೋರ್ ಬಂದರೂ ಉಳಿಯುವುದು ನೂರಕ್ಕೊಂದು ಪಾಲು. ಅಜ್ಜಿಯನ್ನು ಎಷ್ಟನೆಯ ಸಲ ಸಾಯಿಸುವುದು ಎಂಬ ಧರ್ಮಸಂಕಟವನ್ನು ಯಾವ ಕೋರಿಗೂ ಹಂಚಲಾಗದು. ಆ ಹೊತ್ತಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದರೆ ಸಿಸ್ಟಮ್ ಐಡಲ್ ಪ್ರೊಸೆಸ್ ಎಂಬುದು ಶೇಕಡಾ ತೊಂಬತ್ತಕ್ಕೂ ಹೆಚ್ಚು ಪ್ರೊಸೆಸರ್ ನುಂಗಿದಂತೆ ತೋರಿ ಕೆಲವರು ಗಾಬರಿಯಾಗುತ್ತಾರೆ. ಅದು ಯಾರ ಪಾಲನ್ನೂ ಕಸಿದಿಲ್ಲ. ಕೋರ್‌ಗಳು ಸುಮ್ಮನೆ ಕುಳಿತಿವೆ ಎಂಬುದರ ಲೆಕ್ಕ ಅದು.

ಸಿದ್ಧಾಂತ: ಬಹುಕೋರ್ ಸತ್ಯ, ಬಹುಗಮನ ಮಿಥ್ಯೆ. ಯಂತ್ರದೊಳಗೆ ಕೋರ್‌ಗಳೆಷ್ಟೇ ಇರಲಿ, ಪಾಲಾಗದ ಭಾಗ ಕೀಬೋರ್ಡಿನ ಈಚೆ ಕುಳಿತಿದೆ.

ಫಲಶ್ರುತಿ: ವಿಡಿಯೊ ಕತ್ತರಿಸುವವರು, ಪ್ರೋಗ್ರಾಂ ಬರೆಯುವವರು ಎಂಟಾದರೂ ಕೊಳ್ಳಲಿ, ಹದಿನಾರಾದರೂ ಕೊಳ್ಳಲಿ. ಪತ್ರ, ಲೆಕ್ಕ, ಬ್ರೌಸರ್ ಇಷ್ಟೇ ಇರುವವರು ನಾಲ್ಕು ಕೋರಿನಲ್ಲಿ ತೃಪ್ತರಾಗಿ, ಉಳಿದ ದುಡ್ಡನ್ನು ರ್‍ಯಾಮಿಗೂ ಎಸ್‌ಎಸ್‌ಡಿಗೂ ಹಾಕತಕ್ಕದ್ದು. ಈ ಶಾಸ್ತ್ರವನ್ನು ಒಂದೇ ಪಟ್ಟಿನಲ್ಲಿ ಓದಿದವರಿಗೆ ಏಕಾಗ್ರತೆ ಸಿದ್ಧಿಸುತ್ತದೆ. ನಡುವೆ ವಾಟ್ಸಾಪ್ ನೋಡಿ ಬಂದವರು ಮತ್ತೊಮ್ಮೆ ಓದತಕ್ಕದ್ದು.