ಪೋರ್ಟ್‌ಫೋಲಿಯೊ ಪ್ರವೀಣ

ಕರ್ನಾಟಕದ ಬಿ.ಇಡ್. ಕಾಲೇಜುಗಳ ಪ್ರಶಿಕ್ಷಣಾರ್ಥಿಗಳಲ್ಲಿ, ಅಂದರೆ ಶಿಕ್ಷಕರಾಗಲು ತರಬೇತಿ ಪಡೆಯುತ್ತಿರುವವರಲ್ಲಿ, ಪಾಠ ಮಾಡುವುದಕ್ಕಿಂತ ಪಾಠ ಮಾಡಿದ್ದಕ್ಕೆ ಸಾಕ್ಷ್ಯ ಒದಗಿಸುವುದರಲ್ಲಿ ಹೆಚ್ಚಿನ ಶ್ರದ್ಧೆಯುಳ್ಳ ಒಂದು ಪ್ರಭೇದವಿದ್ದು, ಅದನ್ನು ಪೋರ್ಟ್‌ಫೋಲಿಯೊ ಪ್ರವೀಣ ಎಂದು ಕರೆಯಬಹುದು. ಪ್ರವೀಣೆಯರ ಸಂಖ್ಯೆಯೂ ಇದರಲ್ಲಿ ಕಡಿಮೆಯಿಲ್ಲವಾದರೂ, ಅವರ ಪುಟಗಳ ಬಣ್ಣಸಂಯೋಜನೆ ಸ್ವಲ್ಪ ಮೇಲ್ಮಟ್ಟದ್ದೆಂಬುದನ್ನು ಬಿಟ್ಟರೆ ಲಕ್ಷಣಗಳಲ್ಲಿ ಭೇದವಿಲ್ಲ. ಇವರ ಪೂರ್ವಜರು ಕಂದು ಕಾಗದದ ರಟ್ಟು ಹಾಕಿದ ರೆಕಾರ್ಡ್ ಪುಸ್ತಕಗಳನ್ನೂ ಥರ್ಮೊಕೋಲಿನ ಜ್ವಾಲಾಮುಖಿಯನ್ನೂ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಪರೀಕ್ಷೆಗೆ ಬರುತ್ತಿದ್ದರು. ಇವರು ಬರಿಗೈಯಲ್ಲಿ ಬಂದು ಒಂದು ಲಿಂಕ್ ಕೊಡುತ್ತಾರೆ. ಪಾಠಯೋಜನೆ, ಕಲಿಕೋಪಕರಣಗಳ ಚಿತ್ರ, ಬೋಧನೆಯ ವಿಡಿಯೊ, ಮಕ್ಕಳ ಬರಹದ ಮಾದರಿ ಮತ್ತು ಇವೆಲ್ಲವನ್ನು ಕುರಿತ ಸ್ವಂತ ಚಿಂತನೆಯನ್ನು ಜಾಲತಾಣದ ಪುಟಗಳಲ್ಲಿ ಜೋಡಿಸಿಟ್ಟ ಸಂಗ್ರಹಕ್ಕೆ ಇ-ಪೋರ್ಟ್‌ಫೋಲಿಯೊ ಎಂದು ಹೆಸರು.

ಈ ಪ್ರಭೇದದ ಬೆಳವಣಿಗೆಗೆ ಹವಾಮಾನವೂ ಅನುಕೂಲವಾಗಿದೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2014ರಲ್ಲಿ ಹೊರಡಿಸಿದ ನಿಯಮಾವಳಿಯು ಬಿ.ಇಡ್. ವ್ಯಾಸಂಗವನ್ನು ಎರಡು ವರ್ಷಕ್ಕೆ ವಿಸ್ತರಿಸಿ, ಶಾಲೆಯಲ್ಲಿದ್ದು ಕಲಿಯುವ ಇಂಟರ್ನ್‌ಶಿಪ್ಪಿಗೆ 20 ವಾರಗಳನ್ನು ಮೀಸಲಿಟ್ಟಿದ್ದರಿಂದ, ಛಾಯಾಚಿತ್ರ ತೆಗೆಯಲು ಹಿಂದೆಂದೂ ಇಲ್ಲದಷ್ಟು ಕಾಲಾವಕಾಶ ದೊರೆಯಿತು. ಶಿಕ್ಷಕನ ಕೆಲಸವನ್ನು ಒಂದು ಪರೀಕ್ಷೆಯಿಂದಲೋ ಒಂದು ದಿನದ ತಪಾಸಣೆಯಿಂದಲೋ ಅಳೆಯಲಾಗದು, ಅದರ ಬೆಳವಣಿಗೆಯನ್ನೇ ದಾಖಲಿಸಿ ನೋಡಬೇಕು ಎಂಬ ವಿಚಾರವನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೀ ಶುಲ್ಮನ್ 1980ರ ದಶಕದಲ್ಲಿ ಪ್ರಯೋಗಕ್ಕೆ ತಂದರು. ವೃತ್ತಿನಿರತನು ಕೆಲಸ ಮಾಡುತ್ತಲೇ ಮತ್ತು ಮಾಡಿದ ಮೇಲೂ ಅದನ್ನು ಕುರಿತು ಆಲೋಚಿಸುವ ಬಗೆಯನ್ನು ಡೊನಾಲ್ಡ್ ಶೋನ್ 1983ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಪ್ರವೀಣನಿಗೆ ಈ ಇಬ್ಬರೂ ಐದು ಅಂಕದ ಪ್ರಶ್ನೆಯ ರೂಪದಲ್ಲಿ ಚೆನ್ನಾಗಿ ಪರಿಚಿತರು.

ಶಾಸ್ತ್ರದ ಪ್ರಕಾರ ಈ ಕಾರ್ಯಕ್ಕೆ ಮೂರು ಹಂತಗಳುಂಟು: ಸಾಮಗ್ರಿಯನ್ನು ಸಂಗ್ರಹಿಸುವುದು, ಅದರಲ್ಲಿ ಕಲಿಕೆಯನ್ನು ತೋರಿಸುವಂಥದ್ದನ್ನು ಆಯುವುದು, ಆಯ್ದುದರ ಬಗ್ಗೆ ಚಿಂತಿಸಿ ಬರೆಯುವುದು. ಪ್ರವೀಣನು ಇವುಗಳಿಗೆ ಮೊದಲು ಅಲಂಕಾರವೆಂಬ ನಾಲ್ಕನೆಯದನ್ನು ಸೇರಿಸಿ, ಇಂಟರ್ನ್‌ಶಿಪ್ಪಿನ ಮೊದಲ ಪಕ್ಷವನ್ನು ಮುಖಪುಟದ ಬ್ಯಾನರಿಗೆ ಅರ್ಪಿಸುತ್ತಾನೆ. ಎಡಕ್ಕೆ ರಾಧಾಕೃಷ್ಣನ್, ಬಲಕ್ಕೆ ಸಾವಿತ್ರಿಬಾಯಿ ಫುಲೆ, ನಡುವೆ ಕೋಟು ತೊಟ್ಟ ಪ್ರವೀಣ, ಕೆಳಗೊಂದು ಸೂಕ್ತಿ. ಸೂಕ್ತಿಯನ್ನು ಹೇಳಿದವರು ಯಾರೆಂದು ತಿಳಿಯದಿದ್ದರೆ ಅಬ್ದುಲ್ ಕಲಾಂ ಎಂದು ನಮೂದಿಸುವುದು ಈ ವರ್ಗದ ಸಂಪ್ರದಾಯ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ಪಾಠಯೋಜನೆಯನ್ನು ಯೂನಿಕೋಡಿಗೆ ಪರಿವರ್ತಿಸದೆ ಹಾಗೆಯೇ ಅಂಟಿಸುವುದರಿಂದ ಆ ಪುಟದಲ್ಲಿ ಕನ್ನಡಕ್ಕೆ ಬದಲು ತಲೆಯ ಮೇಲೆ ಕೊಂಬು ಹೊತ್ತ ರೋಮನ್ ಅಕ್ಷರಗಳ ಸಂತೆ ನೆರೆಯುತ್ತದೆಯಾದರೂ, ಪುಟವನ್ನು ಓದುವ ಅಭ್ಯಾಸ ಕರ್ತೃವಿಗೇ ಇಲ್ಲದ ಕಾರಣ ಅದು ಬಹುಕಾಲ ಬೆಳಕಿಗೆ ಬರುವುದಿಲ್ಲ.

ಸಂಗ್ರಹದ ಹಂತದಲ್ಲಿ ತರಗತಿಯು ಸ್ಟುಡಿಯೊ ಆಗುತ್ತದೆ. ಸಹಪ್ರಶಿಕ್ಷಣಾರ್ಥಿಯೊಬ್ಬ ಹಿಂದಿನ ಬೆಂಚಿನ ಮೇಲೆ ನಿಂತು ಫೋನ್ ಹಿಡಿದಾಗ ಕೈ ಎತ್ತಬೇಕೆಂಬುದು ಮಕ್ಕಳಿಗೆ ವಾರದೊಳಗೆ ರೂಢಿಯಾಗಿ, ಪ್ರಶ್ನೆ ಕೇಳುವ ಮೊದಲೇ ಕೈಗಳು ಏಳುತ್ತವೆ. ಮೊದಲ ಬೆಂಚಿನ ಎರಡು ಜಡೆಯ ಹುಡುಗಿಯೊಬ್ಬಳು ವಿಜ್ಞಾನ ಪಾಠದಲ್ಲೂ ಗುಂಪು ಚರ್ಚೆಯಲ್ಲೂ ಗಿಡ ನೆಡುವಲ್ಲೂ ಪೌಷ್ಟಿಕ ಆಹಾರದ ಜಾಗೃತಿಯಲ್ಲೂ ಕಾಣಿಸಿಕೊಳ್ಳುವುದರಿಂದ, ಇಡೀ ಶಾಲೆಯ ದಾಖಲಾತಿ ಒಂದೇ ಎಂಬ ಸಂಶಯ ಹೊರಗಿನವರಿಗೆ ಮೂಡುವ ಸಾಧ್ಯತೆಯಿದೆ.

ಚಿಂತನೆಯ ಹಂತವನ್ನು ಪ್ರವೀಣನು ಪಾಠಕ್ಕೆ ಮೊದಲೇ ಮುಗಿಸಿಕೊಳ್ಳುತ್ತಾನೆ. ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬ ಐದು ಮೆಟ್ಟಿಲುಗಳ ಪಾಠಯೋಜನೆಯನ್ನು ಬರೆದ ಕೈ ಆರದೆಯೇ, ‘ಎಲ್ಲ ಉದ್ದೇಶಗಳೂ ಈಡೇರಿದವು, ಮಕ್ಕಳು ಲವಲವಿಕೆಯಿಂದ ಪಾಲ್ಗೊಂಡರು’ ಎಂಬ ಆತ್ಮಾವಲೋಕನವೂ ಸಿದ್ಧವಾಗುತ್ತದೆ. ಕಾಲಾಭಾವದಲ್ಲಿ ಸೀನಿಯರ್ ಒಬ್ಬರ ದಿನಚರಿಯ ನೆರವು ಪಡೆಯುವುದೂ ಉಂಟು. ಬಯಲುಸೀಮೆಯ ಶಾಲೆಯ ಫೆಬ್ರುವರಿ ತಿಂಗಳ ಚಿಂತನೆಯಲ್ಲಿ ‘ಧಾರಾಕಾರ ಮಳೆಯಿಂದ ಹಾಜರಾತಿ ಕಡಿಮೆಯಿತ್ತು’ ಎಂಬ ವಾಕ್ಯ ಸೇರಿಕೊಳ್ಳುವುದು ಇದರಿಂದಲೇ. ಪ್ರವೀಣನನ್ನು ಮಾತ್ರ ದೂರುವುದು ನ್ಯಾಯವಲ್ಲ: ಆಂತರಿಕ ಅಂಕಗಳ ಪಟ್ಟಿ ಪುಟ, ಚಿತ್ರ, ಪ್ರಮಾಣಪತ್ರಗಳನ್ನು ಎಣಿಸುತ್ತಿರುವಾಗ, ಕೆಟ್ಟುಹೋದ ಪಾಠವೊಂದನ್ನು ಪ್ರಾಮಾಣಿಕವಾಗಿ ಪ್ರಕಟಿಸುವವನು ತನ್ನ ಅಂಕವನ್ನು ತಾನೇ ಕಳೆದುಕೊಂಡಂತೆ.

ಇಷ್ಟಾಗಿಯೂ ಪ್ರವೀಣನ ಜೀವನದಲ್ಲಿ ಕಲಿಕೆ ಆಕಸ್ಮಿಕವಾಗಿ ಸಂಭವಿಸುತ್ತದೆ. ಎಂಟನೆಯ ತರಗತಿಯ ವಾಯುಭಾರದ ಪಾಠದಲ್ಲಿ, ಯಾವ ಚಿತ್ರದಲ್ಲೂ ಬಾರದ ಕೊನೆಯ ಬೆಂಚಿನ ಹುಡುಗಿ ಎದ್ದು, ‘ಗಾಳಿಗೆ ತೂಕ ಇದ್ರೆ ನಮ್ಮ ತಲೆಗೆ ಯಾಕೆ ಭಾರ ಆಗಲ್ಲ ಸಾರ್?’ ಎಂದು ಕೇಳಿದಾಗ, ಪಾಠಯೋಜನೆಯ ಐದೂ ಮೆಟ್ಟಿಲುಗಳಲ್ಲಿ ಅದಕ್ಕೆ ಜಾಗವಿಲ್ಲದ್ದರಿಂದ ‘ನಾಳೆ ಹೇಳ್ತೀನಿ, ಕೂತ್ಕೊ’ ಎಂಬ ಉತ್ತರ ಹೊರಡುತ್ತದೆ. ಹೊರಗಿನ ಗಾಳಿ ಒತ್ತುವಷ್ಟೇ ಒತ್ತಡದಿಂದ ದೇಹದೊಳಗಿನ ದ್ರವ ಮತ್ತು ಗಾಳಿ ಹೊರಕ್ಕೆ ಒತ್ತುತ್ತವೆಂಬುದನ್ನು ಆ ರಾತ್ರಿ ಓದಿ ತಿಳಿದ ಪ್ರವೀಣ, ಮರುದಿನ ನೀರು ತುಂಬಿದ ಲೋಟದ ಬಾಯಿಗೆ ರಟ್ಟು ಮುಚ್ಚಿ ಬೋರಲು ಹಾಕುತ್ತಾನೆ. ಮೊದಲ ಸಲ ರಟ್ಟು ಜಾರಿ ಹಾಜರಿ ಪುಸ್ತಕ ತೊಯ್ದುಹೋಗುತ್ತದೆ, ಎರಡನೆಯ ಸಲ ನೀರು ನಿಲ್ಲುತ್ತದೆ, ಆಮೇಲೆ ಗಂಟೆ ಬಾರಿಸಿದರೂ ಮಕ್ಕಳು ಲೋಟ ಬಿಡುವುದಿಲ್ಲ. ನೀರು ಬಿದ್ದೀತೆಂದು ಫೋನನ್ನು ಸ್ಟಾಫ್ ರೂಮಿನಲ್ಲಿ ಇಟ್ಟು ಬಂದದ್ದರಿಂದ ಒಂದೂ ಚಿತ್ರವಿಲ್ಲ. ಚಿತ್ರವಿಲ್ಲದ ಪಾಠ, ಈ ಪ್ರಭೇದದ ಜ್ಞಾನಮೀಮಾಂಸೆಯ ಪ್ರಕಾರ, ನಡೆದೇ ಇಲ್ಲ. ಆದ್ದರಿಂದ ಮುಂದಿನ ವಾರ ಅದನ್ನು ಕ್ಯಾಮೆರಾಕ್ಕಾಗಿ ಮರುನಡೆಸಲಾಗುತ್ತದೆ. ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳೆಂದು ಹುರಿದುಂಬಿಸಿದಾಗ ಆ ಹುಡುಗಿ ‘ನೀವೇ ಮೊನ್ನೆ ಹೇಳಿದ್ರಲ್ಲ ಸಾರ್’ ಎನ್ನುತ್ತಾಳೆ. ಆ ಭಾಗವನ್ನು ಕತ್ತರಿಸಿ, ವೀಣೆಯ ಹಿನ್ನೆಲೆ ಸಂಗೀತ ಸೇರಿಸಲಾಗುತ್ತದೆ.

ಮೌಖಿಕ ಪರೀಕ್ಷೆಯ ದಿನ ಬಾಹ್ಯ ಪರೀಕ್ಷಕರು, ಅಂದರೆ ಬೇರೆ ಕಾಲೇಜಿನಿಂದ ಬಂದ ಪ್ರಾಧ್ಯಾಪಕರು, ಲಿಂಕ್ ಒತ್ತಿದರೆ ಪ್ರವೇಶಕ್ಕೆ ಅನುಮತಿ ಕೋರಬೇಕೆಂಬ ಸೂಚನೆ ಬರುತ್ತದೆ. ಜಗತ್ತೇ ನೋಡಲೆಂದು ಕಟ್ಟಿದ ತಾಣಕ್ಕೆ ಕಟ್ಟಿದವನ ಹೊರತು ಇನ್ನಾರಿಗೂ ಪ್ರವೇಶವಿಲ್ಲದಂತೆ ಹೊಂದಿಸಿಟ್ಟಿರುವುದು ಆಗ ತಿಳಿಯುತ್ತದೆ, ಕಾಲೇಜಿನ ವೈಫೈ ಕೂಡ ಅದೇ ಕ್ಷಣ ವಿರಮಿಸುತ್ತದೆ. ಬೇಸತ್ತ ಪರೀಕ್ಷಕರು ‘ಅದು ಹಾಗಿರಲಿ, ನಿಮ್ಮ ಒಂದು ಪಾಠ ಎಲ್ಲಿ ಎಡವಿತು ಹೇಳಿ’ ಎನ್ನಲಾಗಿ, ಬೇರೇನೂ ತೋಚದ ಪ್ರವೀಣ ತೊಯ್ದ ಹಾಜರಿ ಪುಸ್ತಕದಿಂದ ಆರಂಭಿಸಿ, ಪ್ರಶ್ನೆ ಕೇಳಿದ ಹುಡುಗಿಯನ್ನು ಹಿಂದಿನ ದಿನ ಸುಮ್ಮನೆ ಕೂರಿಸಿದ್ದರ ತನಕ ತಡವರಿಸುತ್ತ ಹೇಳುತ್ತಾನೆ. ಶುಲ್ಮನ್ನರೂ ಶೋನರೂ ಬಯಸಿದ್ದ ದಾಖಲೆ ಬಹುಶಃ ಆ ಹತ್ತು ನಿಮಿಷವೇ. ಪರೀಕ್ಷಕರು ತಲೆದೂಗಿ ಒಳ್ಳೆಯ ಅಂಕವನ್ನೇ ಹಾಕುತ್ತಾರೆ. ಕೊಠಡಿಯಿಂದ ಹೊರಬಂದ ಪ್ರವೀಣ ಮಾತ್ರ ಅರ್ಧ ದಾರಿಯಲ್ಲಿ ತಿರುಗಿ ಹೋಗಿ, ತಾನು ಹೇಳಿದ್ದನ್ನೆಲ್ಲ ಇನ್ನೊಮ್ಮೆ ಹೇಳುವುದಾಗಿಯೂ ಗೆಳೆಯನು ಅದನ್ನು ಚಿತ್ರೀಕರಿಸುವಾಗ ತಾವು ಹಾಗೆಯೇ ತಲೆದೂಗಬೇಕಾಗಿಯೂ ಪರೀಕ್ಷಕರಲ್ಲಿ ವಿನಂತಿಸುತ್ತಾನೆ.