ನಾಲ್ಕು ಡಿಸ್ಕಿನ ಕಾವಲು

ಹಂಪಿಯ ಕಲ್ಲಿನ ರಥ ಕದಲುವುದಿಲ್ಲ. ಆದರೂ ಎಲ್ಲಿ ಹೊರಟುಹೋಗುತ್ತದೋ ಎಂಬ ಆತಂಕದಲ್ಲಿ ಹೋದಾಗಲೆಲ್ಲ ಅದರ ಫೋಟೊ ಹೊಡೆಯುವ ಜಾತಿ ನನ್ನದು. ಮಾತಂಗ ಬೆಟ್ಟದ ಸೂರ್ಯೋದಯ, ಸಂಡೂರಿನ ಮಳೆಗಾಲದ ಹಸಿರು, ಕಂಪ್ಲಿಯ ಭತ್ತದ ಗದ್ದೆ ಎಲ್ಲ ತುಂಬಿಕೊಂಡು ಹೊಸಪೇಟೆಯ ನಮ್ಮ ಮನೆಯಲ್ಲಿ ನಾಲ್ಕು ಹಾರ್ಡ್ ಡಿಸ್ಕಿನ ರೇಡ್ ಪೆಟ್ಟಿಗೆಯೊಂದು ರಾತ್ರಿಯಿಡೀ ಗುಂಯ್‌ಗುಡುತ್ತದೆ. "ಇವನ್ನೆಲ್ಲ ಯಾರ್ ನೋಡ್ತಾರ್ರೀ?" ಎನ್ನುತ್ತಾಳೆ ಹೆಂಡತಿ. ನೋಡುವುದಕ್ಕಲ್ಲ, ಉಳಿಸುವುದಕ್ಕೆ ಎಂದು ಗಂಭೀರನಾಗುತ್ತೇನೆ.

ರೇಡ್ ಎಂದರೆ ಹಲವು ಡಿಸ್ಕುಗಳನ್ನು ಒಂದಾಗಿ ದುಡಿಸುವ, 1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಪ್ರಕಟಿಸಿದ ಉಪಾಯ. ಅದರ ಬಗೆಗಳಲ್ಲಿ ನನ್ನದು ರೇಡ್ 5. ಒಂದು ಡಿಸ್ಕ್ ಸತ್ತರೆ ಉಳಿದ ಮೂರು ಲೆಕ್ಕ ಹಾಕಿ ಅದರ ಮಾಹಿತಿ ಕಟ್ಟಿಕೊಡುತ್ತವೆ. ಎರಡು ಸತ್ತರೆ ಎಲ್ಲಕ್ಕೂ ತಿಲತರ್ಪಣ. ಹೊಸ ಡಿಸ್ಕ್ ಹಾಕಿ ಮರುಜೋಡಣೆ ನಡೆಯುವ ಗಂಟೆಗಳೇ ಗಂಡಾಂತರ: ಜೊತೆಗೇ ಕೊಂಡು ಜೊತೆಗೇ ಮುದಿಯಾದ ಉಳಿದವು ಆ ದುಡಿತದಲ್ಲೇ ಕೈಕೊಡಬಹುದು. ಆಗ ಕರೆಂಟೂ ಹೋದರೆ ನಾನು ಯುಪಿಎಸ್ ಮುಂದೆ ಊದಿನಕಡ್ಡಿ ಹಚ್ಚುವವನೇ. ಒಂದು ಕೈಕೊಟ್ಟರೂ ಸಾಕು, ಆತಂಕ ತಪ್ಪಿದ್ದಲ್ಲ: ನಮ್ಮ ತುಂಗಭದ್ರಾ ಅಣೆಕಟ್ಟಿಗೆ 33 ಗೇಟುಗಳಿದ್ದರೂ 2024ರ ಆಗಸ್ಟಿನಲ್ಲಿ 19ನೆಯದೊಂದು ಕೊಚ್ಚಿಹೋಗಿ ನಮ್ಮ ನಿದ್ದೆ ಕೆಡಿಸಲಿಲ್ಲವೇ?

ಇಷ್ಟಾಗಿಯೂ, ಮೊಮ್ಮಗ ಒಂದು ಫೋಟೊ ಅಳಿಸಿದರೆ ರೇಡ್ ಅಷ್ಟೇ ನಿಷ್ಠೆಯಿಂದ ಎಲ್ಲ ಡಿಸ್ಕಿನಿಂದಲೂ ಅಳಿಸುತ್ತದೆ. ಅತ್ತ 1856ರಲ್ಲಿ ಛಾಯಾಗ್ರಾಹಕ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯನ್ನು ಸೆರೆಹಿಡಿದ ಮೇಣಗಾಗದದ ನೆಗೆಟಿವ್‌ಗಳು ಫ್ಯಾನಿಲ್ಲದೆ, ಕರೆಂಟಿಲ್ಲದೆ ಇಂದಿಗೂ ಉಳಿದಿವೆ!

ಆದ್ದರಿಂದ ಓದುಗರೇ, ರೇಡ್ ಇರಲಿ. ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಬೇರೆ ಊರಿನ ನೆಂಟರ ಬೀರುವಿನಲ್ಲಿರಲಿ. ನೆಂಟರು ಜಗಳವಾಡಬಹುದು, ಆದರೆ ಫೋಟೊ ಅಳಿಸಲಾರರು.