ಶೆಡ್ಡಿನಲ್ಲಿ ಹಳೆಯ ಗಾಡಿ ಇರುವ ಮನೆಯವರಿಗೆ ಒಂದು ಬಹಿರಂಗ ಪತ್ರ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಹಳೆಯ ಅಂಬಾಸಿಡರ್, ಫಿಯಾಟ್, ಜೀಪು ಇರುವ ಎಲ್ಲ ಮನೆಗಳ ಅಜ್ಜಂದಿರಿಗೆ, ಅವರ ಮಕ್ಕಳು ಸೊಸೆಯಂದಿರಿಗೆ, ಮೊಮ್ಮಕ್ಕಳಿಗೆ –



ನಿಮ್ಮ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ, ಗೊಬ್ಬರದ ಚೀಲ ಮತ್ತು ಡ್ರಿಪ್ ಪೈಪಿನ ಸುರುಳಿಗಳ ಹಿಂದೆ, ಒಂದು ಗಾಡಿ ನಿಂತಿದೆ. ಟಾಯರುಗಳಲ್ಲಿ ಗಾಳಿ ಇಲ್ಲ, ಸೀಟಿನೊಳಗೆ ಇಲಿಗಳು ಸೇರಿಕೊಂಡಿವೆ. ಗುಜರಿಯವರು ಬಂದು ಕಬ್ಬಿಣದ ತೂಕಕ್ಕೆ ದರ ಹೇಳಿ ಹೋಗಿದ್ದಾರೆ. ನೀವೂ ಹೆಚ್ಚುಕಡಿಮೆ ಹೂಂ ಅಂದಿದ್ದೀರಿ. ಆ ಮಾತು ಪಕ್ಕಾ ಆಗುವ ಮೊದಲು ಈ ಪತ್ರ ಓದಿ ಎಂದು ಕೇಳಿಕೊಳ್ಳುತ್ತೇನೆ.

ಗಾಡಿಯನ್ನು ಗುಜರಿಗೆ ಹಾಕಬೇಡಿ. ಹಾಗಂತ ದೂರದ ಗ್ಯಾರೇಜಿಗೆ ಪೂರ್ತಿ ಗುತ್ತಿಗೆ ಕೊಟ್ಟು ಹೊಸದು ಮಾಡಿಸಿಕೊಂಡು ಬರಲೂ ಬೇಡಿ. ಅಜ್ಜ, ಮಗ, ಮೊಮ್ಮಕ್ಕಳು ಕೂಡಿ ಮನೆಯ ಅಂಗಳದಲ್ಲೇ ಅದನ್ನು ಎಬ್ಬಿಸಿ. ಅಜ್ಜನ ಕಿವಿ, ಕೈ ಗಟ್ಟಿ ಇರುವಾಗಲೇ ಎಬ್ಬಿಸಿ.

ಆ ಗಾಡಿ ಮನೆಗೆ ಬಂದ ಕಾಲವನ್ನು ಒಮ್ಮೆ ನೆನೆಯೋಣ. ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟರ್ಸ್ ಕಂಪನಿ 1950ರ ದಶಕದ ಕೊನೆಯಿಂದ 2014ರವರೆಗೆ ಅಂಬಾಸಿಡರ್ ತಯಾರಿಸಿತು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಫಿಯಾಟ್ 1100 ಮಾಡಿತು. 1970ರ ದಶಕದಲ್ಲಿ ಅದೇ ಗಾಡಿಗೆ ಪದ್ಮಿನಿ ಎಂಬ ಹೆಸರು ಬಂತು. ಸ್ವಾತಂತ್ರ್ಯ ಬಂದ ಹೊಸತರಲ್ಲೇ ಮಹೀಂದ್ರಾದವರು ವಿಲ್ಲಿಸ್ ಜೀಪು ಜೋಡಿಸತೊಡಗಿದರು. ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯ್ದರೆ ಒಂದು ಕಾರು ಕೈಗೆ ಬರುತ್ತಿದ್ದ ಕಾಲ ಅದು. ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರ ಕೈಹಿಡಿದ ಮನೆಗೆ, ಕೃಷ್ಣೆಯ ದಂಡೆಯಲ್ಲಿ ಕಬ್ಬಿನ ಬಿಲ್ಲು ಬಂದ ಮನೆಗೆ ಗಾಡಿ ಬಂತು. ಆದರೆ ಬಂದ ಮೇಲೆ ಅದು ಒಂದೇ ಮನೆಯದಾಗಿ ಉಳಿಯಲಿಲ್ಲ. ಊರಿನ ಮದುಮಕ್ಕಳು ಅದರಲ್ಲೇ ಕೂತರು. ಚಿಂಚಲಿ ಮಾಯಕ್ಕನ ಜಾತ್ರೆಗೆ, ಯಡೂರ ವೀರಭದ್ರನ ದರ್ಶನಕ್ಕೆ ಹೋಗುವಾಗ ಓಣಿಯವರೂ ಹತ್ತಿದರು. ನಡುರಾತ್ರಿ ಹೆರಿಗೆ ನೋವು ಎದ್ದರೆ, ಹಾವು ಕಚ್ಚಿದರೆ, ಮಿರಜದ ಮಿಷನ್ ಆಸ್ಪತ್ರೆಯ ಬಾಗಿಲು ತಟ್ಟಲು ಇದ್ದದ್ದು ಆ ಗಾಡಿ ಮತ್ತು ಅದನ್ನು ನಡೆಸಿದ ಕೈ. ನಿಮ್ಮೂರಿನಲ್ಲಿ ಇಂದು ಓಡಾಡುವ ಕೆಲವರು ಅದರ ಹಿಂದಿನ ಸೀಟಿನ ಋಣ ಹೊತ್ತವರು. ಗುಜರಿಯ ತಕ್ಕಡಿಯಲ್ಲಿ ಇದಕ್ಕೆ ತೂಕವಿಲ್ಲ.

ಗಾಡಿ ಯಾಕೆ ನಿಂತಿತು ಎಂಬುದನ್ನೂ ಮುಚ್ಚುಮರೆ ಇಲ್ಲದೆ ಮಾತಾಡೋಣ. ಎಷ್ಟೋ ಮನೆಗಳಲ್ಲಿ ಎಂಜಿನ್ ಕೆಟ್ಟು ನಿಂತಿದ್ದಲ್ಲ. ಅಣ್ಣತಮ್ಮಂದಿರ ನಡುವೆ ಪಾಲಾಯಿತು. ಹೊಲ ಹರಿದು ಹಂಚಿಕೊಂಡಿರಿ, ಬಾವಿಗೆ ಪಾಳಿ ಹಚ್ಚಿಕೊಂಡಿರಿ. ಗಾಡಿಯನ್ನು ಹಂಚಲು ಬರಲಿಲ್ಲ. ಆರ್‌ಸಿ ತೀರಿಕೊಂಡ ಹಿರಿಯರ ಹೆಸರಿನಲ್ಲೇ ಉಳಿಯಿತು. ಒಬ್ಬರು ರಿಪೇರಿ ಮಾಡಿಸಿದರೆ ಇನ್ನೊಬ್ಬರು ಹಕ್ಕು ಕೇಳುತ್ತಾರೆ ಎಂದು ಯಾರೂ ಕೈ ಹಚ್ಚಲಿಲ್ಲ. ಇದಕ್ಕೆ ದಾರಿ ಇದೆ. ಮಾಲೀಕರು ತೀರಿಕೊಂಡಾಗ ವಾರಸುದಾರರ ಹೆಸರಿಗೆ ಗಾಡಿ ವರ್ಗಾಯಿಸಲು ಫಾರ್ಮ್ 31 ಇದೆ. ಮರಣ ಪತ್ರ, ಆರ್‌ಸಿ, ವಿಮೆ, ಉಳಿದ ವಾರಸುದಾರರ ಒಪ್ಪಿಗೆ ಕೂಡಿಸಿಕೊಂಡು ಆರ್‌ಟಿಓ ಕಚೇರಿಗೆ ಹೋಗಿ. ಮೂರು ತಿಂಗಳ ಒಳಗೆ ಆಗಬೇಕಿದ್ದ ಕೆಲಸ, ತಡವಾದದ್ದಕ್ಕೆ ದಂಡ ಬಿದ್ದೀತು, ಕಟ್ಟಿಬಿಡಿ. ಒಪ್ಪಿಗೆ ಕೇಳುವಾಗ ಇಚಲಕರಂಜಿಗೋ ಸಾಂಗ್ಲಿಗೋ ಕೊಟ್ಟ ಹೆಣ್ಣುಮಕ್ಕಳನ್ನು ಮರೆಯಬೇಡಿ. ಅವರೂ ವಾರಸುದಾರರು, ಆ ಗಾಡಿಯಲ್ಲೇ ಅತ್ತೆಯ ಮನೆಗೆ ಹೋದವರು. ಸಹಿ ಹಾಕಿಸಿಕೊಳ್ಳಲು ಹೋದ ನೆಪದಲ್ಲಿ ನಿಂತ ಮಾತು ಮತ್ತೆ ಶುರುವಾದರೆ ಗಾಡಿಯ ಮೊದಲ ರಿಪೇರಿ ಅಲ್ಲಿಯೇ ಆದಂತೆ.

ಅಜ್ಜಾರ, ಈಗ ನಿಮಗೆ. ಈ ಮನೆಯಲ್ಲಿ ನಿಮ್ಮ ಕೈಗೆ ಕೆಲಸ ಉಳಿದಿಲ್ಲ ಎಂದು ನೀವು ಅಂದುಕೊಂಡಿದ್ದೀರಿ. ರಂಟೆ, ಕುಂಟೆ ಟ್ರ್ಯಾಕ್ಟರಿಗೆ ಹೋದವು, ಲೆಕ್ಕ ಮೊಬೈಲಿಗೆ ಹೋಯಿತು. ಆದರೆ ಕಾಂಟ್ಯಾಕ್ಟ್ ಪಾಯಿಂಟಿನ ಸಂದು ಎಷ್ಟಿರಬೇಕು ಎಂದು ಈ ಮನೆಯಲ್ಲಿ ಬಲ್ಲವರು ನೀವೊಬ್ಬರೇ. ಇಂದಿನ ಶೋರೂಮಿನ ಹುಡುಗರು ಗಾಡಿಗೆ ಕಂಪ್ಯೂಟರ್ ಜೋಡಿಸಿ ತಪ್ಪು ಹುಡುಕುತ್ತಾರೆ. ಇಂಥ ಗಾಡಿಯಲ್ಲಿ ಅದನ್ನು ಜೋಡಿಸಲು ಜಾಗವೇ ಇಲ್ಲ.

ನಮ್ಮ ಮನೆಯ ಅಂಬಾಸಿಡರ್ ಎದ್ದ ಮೇಲೆ ಕಂಡದ್ದನ್ನು ಇಲ್ಲಿ ಹೇಳಬೇಕು. ಎಂಜಿನ್ ಓಡುತ್ತಿತ್ತು, ಒಳಗೆಲ್ಲೋ ಟಕಟಕ ಎನ್ನುತ್ತಿತ್ತು. ನಮ್ಮಪ್ಪ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಟ್ಯಾಪೆಟ್ ಕವರಿನ ಮೇಲೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿದರು. ತುದಿಯನ್ನು ಬೆರಳಿನಷ್ಟು ಸರಿಸಿದರು, ಮತ್ತೆ ಕೇಳಿದರು. “ಮೂರನೇದ್ದು” ಅಂದರು. ಎಂಜಿನ್ ಆರಿಸಿ ಕವರ್ ಬಿಚ್ಚಿ ಫೀಲರ್ ಗೇಜಿನ 0.015 ಇಂಚಿನ ಎಲೆ ತೂರಿಸಿದರೆ ಮೂರನೆಯ ಸಿಲಿಂಡರಿನ ಒಂದು ವಾಲ್ವಿನಲ್ಲಿ ಎಲೆ ಸಡಿಲವಾಗಿ ಆಡಿತು. ನನ್ನ ಮಗ ಅದೇ ಸ್ಕ್ರೂಡ್ರೈವರ್ ಇಸಿದುಕೊಂಡು, “ಅಜ್ಜಾ, ಇನ್ನೊಮ್ಮೆ ಚಾಲೂ ಮಾಡು, ನಾನೂ ಕೇಳತೇನಿ” ಅಂದ. ಈ ಕಿವಿ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಪಕ್ಕದಲ್ಲಿ ನಿಂತವರಿಗೆ ಮಾತ್ರ ದಾಟುತ್ತದೆ. ನಾಲ್ಕು ಸಿಲಿಂಡರುಗಳಲ್ಲಿ ಕಿಡಿ ಹತ್ತುವ ಸರದಿ ಒಂದು, ಮೂರು, ನಾಲ್ಕು, ಎರಡು ಎಂದು ಮೊಮ್ಮಗನಿಗೆ ಕಲಿಸಿ. ಅಂಬಾಸಿಡರ್, ಫಿಯಾಟ್, ವಿಲ್ಲಿಸ್ ಜೀಪು ಮೂರರಲ್ಲೂ ಅದೇ ಸರದಿ.

ಮನೆಯ ಯಜಮಾನಿಕೆ ಈಗ ಯಾರ ಕೈಯಲ್ಲಿದೆಯೋ ಅವರಿಗೆ: ಖರ್ಚು ನಿಮ್ಮದು, ಅವಸರವೂ ನಿಮ್ಮದೇ. ಅವಸರ ಬಿಡಿ. ಕಬ್ಬು ನುರಿಸುವ ಹಂಗಾಮಿನಲ್ಲಿ ನಮ್ಮ ಲೇಥ್ ಅಂಗಡಿಗಳಲ್ಲೆಲ್ಲ ಟ್ರೇಲರಿನ ಕೆಲಸವೇ ತುಂಬಿರುತ್ತದೆ. ಹಂಗಾಮು ಮುಗಿದ ಮೇಲೆ ಹೋದರೆ ಮಿಸ್ತ್ರಿ ಕೂತು ಮಾತಾಡುತ್ತಾನೆ, ಮನಸ್ಸಿಟ್ಟು ಮಾಡಿಕೊಡುತ್ತಾನೆ. ಬಿಚ್ಚುವುದು, ತೊಳೆಯುವುದು, ತುಕ್ಕು ಕೆರೆಯುವುದು, ಜೋಡಿಸುವುದು ಮನೆಯಲ್ಲಿ ಆಗಲಿ. ಬೋರ್ ಮಾಡಿಸುವುದು, ವೆಲ್ಡಿಂಗ್, ಪೆಟ್ರೋಲ್ ಟಾಕಿಯ ದುರಸ್ತಿ ಬಲ್ಲವರ ಕಡೆಯೇ ಆಗಬೇಕು. ಖಾಲಿ ಟಾಕಿಯಲ್ಲೂ ಪೆಟ್ರೋಲಿನ ಆವಿ ಉಳಿದಿರುತ್ತದೆ, ಬೆಂಕಿ ತಾಗಿದರೆ ಸಿಡಿಯುತ್ತದೆ. ಹಳೆಯ ಬ್ರೇಕ್ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಆ ಧೂಳನ್ನು ಬಾಯಿಂದಲೂ ಗಾಳಿಯಿಂದಲೂ ಊದಬೇಡಿ, ಒದ್ದೆ ಮಾಡಿ ಒರೆಸಿ, ಮಕ್ಕಳನ್ನು ದೂರವಿಡಿ. ಬ್ರೇಕನ್ನು ನೀವೇ ಜೋಡಿಸಿದರೂ ಗಾಡಿ ರಸ್ತೆಗೆ ಇಳಿಯುವ ಮೊದಲು ನುರಿತ ಮಿಸ್ತ್ರಿ ನೋಡಲೇಬೇಕು.

ನಮ್ಮ ಭಾಗಕ್ಕೇ ಸೇರಿದ ಎರಡು ವಿಷಯಗಳಿವೆ. ಮೊದಲನೆಯದು ಹೊಳೆ. 2005, 2019, 2021ರಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಯರು ಊರೊಳಗೆ ಬಂದರು. ಸದಲಗಾ, ಯಡೂರ, ಕುಡಚಿ, ಉಗಾರದ ಕಡೆ ನಿಮ್ಮ ಶೆಡ್ಡಿಗೂ ನೀರು ನುಗ್ಗಿದ್ದರೆ, ಎಂಜಿನನ್ನು ತಿರುಗಿಸುವ ಮೊದಲು ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಹೌಸಿಂಗ್ ಮೂರರ ಎಣ್ಣೆಯನ್ನೂ ಇಳಿಸಿ ನೋಡಿ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರಿದೆ. ಅಂಬಾಸಿಡರ್, ಫಿಯಾಟುಗಳಿಗೆ ಜೀಪಿನಂತೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಬಾಗಿಲ ಕೆಳಗಿನ ಪೊಳ್ಳು ಪಟ್ಟಿಯಲ್ಲಿ ಹೊಳೆಯ ರಾಡಿ ಕೂತು ತಗಡು ತಿಂದಿರುತ್ತದೆ. ಅದು ಗಟ್ಟಿಯಾಗದೆ ಬಣ್ಣಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ. ಎರಡನೆಯದು ಕಬ್ಬು. ಇಂದು ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ, ನಾವು ಬೆಳೆದ ಕಬ್ಬಿನಿಂದಲೂ ಅದು ತಯಾರಾಗುತ್ತದೆ. ಹಳೆಯ ಗಾಡಿಯ ರಬ್ಬರ್ ಪೈಪು, ಕಾರ್ಕ್ ಪ್ಯಾಕಿಂಗು ಅದನ್ನು ತಾಳುವುದಿಲ್ಲ. ಎಥೆನಾಲ್ ತಾಳುವ ಪೈಪು ಹಾಕಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಕಾರ್ಬ್ಯುರೇಟರ್ ಖಾಲಿ ಮಾಡಿ, ಯಾಕೆಂದರೆ ಎಥೆನಾಲ್ ಗಾಳಿಯೊಳಗಿನ ನೀರನ್ನು ಹೀರುತ್ತದೆ.

ಅವ್ವಾರ, ಅಕ್ಕಾರ, ಇದು ಗಂಡಸರ ಕೆಲಸ ಎಂದು ದೂರ ಸರಿಯಬೇಡಿ. ಗಾಡಿಯ ಮೂಲ ಬಣ್ಣ ಯಾವುದು, ಸೀಟಿನ ಬಟ್ಟೆ ಎಂಥದ್ದು ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಟ್ರಂಕಿನ ಮದುವೆ ಆಲ್ಬಮ್ಮಿನಲ್ಲಿದೆ. ಅದನ್ನು ತೆಗೆದು ಕೊಡಿ. ಫೋಟೊ ಕಪ್ಪುಬಿಳುಪಾಗಿದ್ದರೆ ಡ್ಯಾಶ್‌ಬೋರ್ಡಿನ ಕೆಳಗೆ, ಬಾಗಿಲಿನ ಒಳಹೊದಿಕೆಯ ಹಿಂದೆ ನೋಡಿಸಿ. ಮತ್ತೆ ಬಣ್ಣ ಹೊಡೆದವರ ಗನ್ ಮುಟ್ಟದ ಆ ಜಾಗಗಳಲ್ಲಿ ಮೊದಲ ಬಣ್ಣ ಹಾಗೇ ಉಳಿದಿರುತ್ತದೆ. ಸೀಟು ಹೊಲಿಸಲು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಅಥಣಿ, ನಿಪ್ಪಾಣಿಯ ಕಡೆಯ ಚರ್ಮದ ಕೈಕೆಲಸಕ್ಕೆ ದೇಶದಲ್ಲೇ ಹೆಸರಿದೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಮಾನ್ಯತೆ ಸಿಕ್ಕಾಗ ನಮ್ಮ ಬೆಳಗಾವಿ ಜಿಲ್ಲೆಯೂ ಅದರೊಳಗಿತ್ತು. ಆ ಕೈಗಳಿಗೆ ಒಂದು ಸೀಟಿನ ಕೆಲಸ ಕೊಟ್ಟು ನೋಡಿ, ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.

ಮೊಮ್ಮಕ್ಕಳೇ, ನಿಮ್ಮ ಕೆಲಸ ಎಲ್ಲಕ್ಕಿಂತ ಮೊದಲು ಶುರುವಾಗುತ್ತದೆ. ಒಂದು ಬೋಲ್ಟನ್ನೂ ಬಿಚ್ಚುವ ಮುಂಚೆ ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ಬಿಚ್ಚಿದ ಬೋಲ್ಟು, ವಾಷರುಗಳನ್ನು ಬೇರೆ ಬೇರೆ ಚೀಲಕ್ಕೆ ಹಾಕಿ ಹೆಸರಿನ ಚೀಟಿ ಅಂಟಿಸಿ. ಅಜ್ಜ ಕೆಲಸ ಮಾಡುತ್ತ ಹೇಳುವುದನ್ನೆಲ್ಲ ರೆಕಾರ್ಡ್ ಮಾಡಿ. ಸಿಗದ ಭಾಗವನ್ನು ಮೊಬೈಲಿನಲ್ಲಿ ಹುಡುಕಿ, ಕೊಲ್ಹಾಪುರದ ಅಂಗಡಿಗಳಿಗೂ ಒಮ್ಮೆ ಅಜ್ಜನನ್ನು ಕರೆದುಕೊಂಡು ಹೋಗಿ. ಎರಕದ ಭಾಗ ಎಲ್ಲೂ ಸಿಗದಿದ್ದರೆ ಅಲ್ಲಿನ ಫೌಂಡ್ರಿಗಳಿವೆ. ಆಲಾಯ್ ವೀಲು, ಎಲ್‌ಇಡಿ ಪಟ್ಟಿ, ದೊಡ್ಡ ಸ್ಪೀಕರ್ ಹಾಕುವ ಆಸೆಯಾದೀತು. ಬೇಡ. ಅವನ್ನೆಲ್ಲ ಮುಂದೆ ನೀವೇ ದುಡಿದು ಕೊಳ್ಳುವ ಗಾಡಿಗೆ ಹಾಕಿಕೊಳ್ಳಬಹುದು. ಇದು ಬಂದ ಹಾಗೆಯೇ ಇರಲಿ.

ಹಾಗೆ ಇಡುವುದರಿಂದ ಕಾನೂನಿನ ಲಾಭವೂ ಇದೆ. ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಎಂಜಿನ್, ಚಾಸಿ, ಬಾಡಿ ಮೂಲ ರೂಪದಲ್ಲೇ ಇರುವ ದ್ವಿಚಕ್ರ, ನಾಲ್ಕು ಚಕ್ರದ ಗಾಡಿಗಳು ಅದರಡಿ ಬರುತ್ತವೆ. 1975ರ ಗಾಡಿಗೆ 2025ರಲ್ಲಿ ಈ ಅರ್ಹತೆಯ ವಯಸ್ಸಾಯಿತು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಮರುನೋಂದಣಿಗೆ 5,000 ರೂಪಾಯಿ. ಈಗಾಗಲೇ ನೋಂದಣಿ ಇರುವ ಗಾಡಿಗೆ ಹಳೆಯ ನಂಬರೇ ಉಳಿಯುತ್ತದೆ. ಮೈಸೂರು ರಾಜ್ಯದ ಕಾಲದ ‘ಎಂವೈ’ ಫಲಕ ನಿಮ್ಮ ಗಾಡಿಗೆ ಇದ್ದರೆ ಅದನ್ನು ಕಾಪಾಡಿಕೊಳ್ಳಿ. ಈ ನೋಂದಣಿಯ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ದುರಸ್ತಿ, ಇಂಧನದಂಥ ಕೆಲಸಕ್ಕೆ ರಸ್ತೆಗೆ ತರಬಹುದು. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಿಡುವಂತಿಲ್ಲ. ಪೆಟ್ರೋಲ್ ದುಬಾರಿಯಾದಾಗ ನಮ್ಮ ಕಡೆ ಬಹಳ ಜನ ಅಂಬಾಸಿಡರಿಗೆ ಮೆಟಡೋರಿನ ಡೀಸೆಲ್ ಎಂಜಿನ್ ಕೂರಿಸಿದರು. ಅಂಥ ಗಾಡಿ ವಿಂಟೇಜ್ ನಿಯಮಕ್ಕೆ ಹೊಂದುವುದಿಲ್ಲ. ಆದರೂ ಅದನ್ನು ಎಬ್ಬಿಸಿ, ಬದಲಾದ ಎಂಜಿನ್ ಆರ್‌ಸಿಯಲ್ಲಿ ದಾಖಲಾಗಿದೆಯೇ ನೋಡಿಕೊಳ್ಳಿ. ಆ ಬದಲಾವಣೆಯೂ ನಿಮ್ಮ ಮನೆಯ ಚರಿತ್ರೆಯೇ.

ಕೊಲ್ಹಾಪುರದ ದಸರಾ ಚೌಕಕ್ಕೆ ಅಲ್ಲಿನ ರಾಜಮನೆತನದ ಮೇಬ್ಯಾಕ್ ಬರುವುದನ್ನು ನಮ್ಮವರೂ ಹೋಗಿ ನೋಡುತ್ತಾರೆ. ಧರ್ಮಸ್ಥಳದಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅರಸರ ಗಾಡಿಗೆ ಅರಮನೆ ಇದೆ, ಅಪರೂಪದ ಗಾಡಿಗೆ ಸಂಗ್ರಹಾಲಯ ಇದೆ. ಒಕ್ಕಲಿಗನ ಜೀಪಿಗೆ, ತಂಬಾಕಿನ ವ್ಯಾಪಾರಿಯ ಫಿಯಾಟಿಗೆ ಅದರ ಮನೆಯವರನ್ನು ಬಿಟ್ಟರೆ ಯಾರೂ ಇಲ್ಲ. ನಮ್ಮ ನೆಲಕ್ಕೆ ಯಂತ್ರದ ಕೆಲಸ ಹೊಸದೂ ಅಲ್ಲ. ನಮ್ಮದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯ ಸೈಕಲ್ ಅಂಗಡಿಯಿಂದ ಶುರು ಮಾಡಿ ಕಬ್ಬಿಣದ ನೇಗಿಲಿಗೆ ಬಂದರು, 1910ರಲ್ಲಿ ಕಿರ್ಲೋಸ್ಕರವಾಡಿಯನ್ನೇ ಕಟ್ಟಿದರು. ನಿಮ್ಮ ಮನೆಯ ಹುಡುಗ ಹುಡುಗಿಯರೂ ಕೈಗೆ ಗ್ರೀಸ್ ಹತ್ತಿಸಿಕೊಂಡೇ ಕಲಿಯಲಿ.

ಆದ್ದರಿಂದ ಬರುವ ಖಂಡೇ ಪೂಜೆಗೆ ನನ್ನ ಬೇಡಿಕೆ ಇಷ್ಟು. ಆ ದಿನದೊಳಗೆ ಆರ್‌ಸಿ ಹುಡುಕಿ ಇಡಿ. ಪಾಲಿನವರನ್ನೆಲ್ಲ ಊಟಕ್ಕೆ ಕರೆಯಿರಿ. ಟ್ರ್ಯಾಕ್ಟರ್, ಪಂಪಿನ ಜತೆಗೆ ಅಜ್ಜನ ಪಾನಾ, ಪಕ್ಕಡಗಳಿಗೂ ಕುಂಕುಮ ಹಚ್ಚಿ. ಮರುದಿನ ಬನ್ನಿ ಕೊಟ್ಟು ತಗೊಂಡ ಮೇಲೆ ಶೆಡ್ಡಿನ ಮುಂದಿನ ಗೊಬ್ಬರದ ಚೀಲಗಳನ್ನು ಎಲ್ಲರೂ ಕೂಡಿ ಸರಿಸಿ, ಗಾಡಿಯನ್ನು ಅಂಗಳಕ್ಕೆ ತಳ್ಳಿ. ಮೊದಲ ಬೋಲ್ಟನ್ನು ಅಜ್ಜ ಬಿಚ್ಚಲಿ, ಎರಡನೆಯದನ್ನು ಮೊಮ್ಮಗಳ ಕೈಯಿಂದ ಬಿಚ್ಚಿಸಲಿ. ಗುಜರಿಯವರಿಗೆ ಮಾತ್ರ ಇವತ್ತೇ ಫೋನ್ ಮಾಡಿ ಬರಬೇಡಿ ಎಂದು ಹೇಳಿಬಿಡಿ.

ಇಂತಿ ನಿಮ್ಮವ,
ಚಿಕ್ಕೋಡಿಯಿಂದ ಒಬ್ಬ ನೆರೆಯವ